ಜಿಪ್ಪಕ್ಕನಿಗೆ ಕೇಳಿಸದ ಅಕ್ಷರ

ನನ್ನ ಕೈಚೀಲದ ಜಿಪ್ಪು ಕೆಟ್ಟಿದ್ದರಿಂದ ನನಗೆ ಜಿಪ್ಪಕ್ಕನ ಪರಿಚಯವಾಯಿತು. ಬಸ್ ನಿಲ್ದಾಣದ ಎದುರು ಎರಡಂತಸ್ತಿನ ಒಂದು ಮಳಿಗೆ ಕಟ್ಟಡವಿದೆ. ಅದರ ಮೆಟ್ಟಿಲು ತಿರುಗುವ ಕಡೆ, ಕೆಳಗೆ ಉಳಿದ ಮೂಲೆಯೇ ಅವರ ಅಂಗಡಿ. ಎದ್ದು ನಿಂತರೆ ತಲೆ ತಾಗುತ್ತದೆ. ಹಾಗಾಗಿ ಅವರು ನಿಲ್ಲುವುದೇ ಇಲ್ಲ. ಒಂದು ಗಿಡ್ಡ ಸ್ಟೂಲು, ಒಂದು ಮೇಜು, ಮೇಜಿನ ಮೇಲೆ ಎರಡು ಇಕ್ಕಳ, ಒಂದು ಮೇಣದ ತುಂಡು, ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಚಿಕ್ಕದು ದೊಡ್ಡದು ರನ್ನರ್‌ಗಳು. ರನ್ನರ್ ಎಂದರೆ ಜಿಪ್ಪಿನ ಹಲ್ಲುಗಳ ಮೇಲೆ ಓಡಾಡುವ ಪುಟ್ಟ ಲೋಹದ ತುಂಡು.

"ಹಲ್ಲು ಗಟ್ಟಿ ಇದೆ, ನಾಲಿಗೆ ಸಡಿಲ ಆಗಿದೆ ಅಷ್ಟೆ. ಮನುಷ್ಯರ ಥರಾನೇ!" ಎಂದರು ನನ್ನ ಚೀಲ ನೋಡಿ. ಅವರ ಪಾಲಿಗೆ ಅದು ಮೆಲ್ಲನೆ ಆಡಿದ ಮಾತು. ಮೇಲಿನ ಮಹಡಿಯಲ್ಲಿ ಯಾರೋ ನಕ್ಕದ್ದು ನನಗೆ ಕೇಳಿಸಿತು.

ಏಳನೇ ವಯಸ್ಸಿನಲ್ಲಿ ಬಂದ ಜ್ವರ ಅವರ ಬಲಗಿವಿಯನ್ನು ಪೂರ್ತಿ, ಎಡಗಿವಿಯನ್ನು ಮುಕ್ಕಾಲು ತೆಗೆದುಕೊಂಡು ಹೋಗಿತ್ತು. ಎದುರಿಗಿರುವವರ ತುಟಿ ನೋಡಿ ಮಾತು ತಿಳಿಯುತ್ತಾರೆ. ಚಿಕ್ಕಮ್ಮ ಚೀಲದ ಕಾರ್ಖಾನೆಯಲ್ಲಿದ್ದರಂತೆ, ಅವರಿಂದ ಕೈಕೆಲಸ ಬಂತು. ಗಂಡ ಲಾರಿ ಓಡಿಸುತ್ತಾರೆ, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದಂತೆ ಮನೆಯಲ್ಲಿ ಇವರು ಮತ್ತು ಅತ್ತೆ. ಅತ್ತೆಗೆ ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು. "ನಿನಗೆ ಕೇಳ್ಸಲ್ಲ, ನನಗೆ ಕಾಣ್ಸಲ್ಲ. ಇಬ್ರೂ ಸೇರಿದ್ರೆ ಒಂದು ಪೂರ್ತಿ ಹೆಂಗಸು," ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಾರಂತೆ.

ಜಿಪ್ಪಕ್ಕನದು ಒಂದು ಪದ್ಧತಿ ಇದೆ. ಜಿಪ್ಪು ಸರಿಮಾಡಿದ ಮೇಲೆ ಅವರು ಅದನ್ನು ಎಳೆದು ತೋರಿಸುವುದಿಲ್ಲ. ಚೀಲವನ್ನು ನಮ್ಮ ಕಡೆ ತಳ್ಳಿ, "ಮೂರು ಸಲ ಎಳೀರಿ," ಎನ್ನುತ್ತಾರೆ.

"ನೀವೇ ನೋಡಿದ್ರಲ್ಲ, ಸಾಕು ಬಿಡಿ," ಎಂದೆ.

"ನನ್ನ ಕೈಗೆ ಅದು ಹೆದರತ್ತೆ, ಬಾಲ ಮುದುರಿಕೊಂಡು ಓಡತ್ತೆ. ನಿಮ್ಮ ಕೈಯಲ್ಲೂ ಓಡಬೇಕಲ್ಲ? ಮೊದಲನೇ ಸಲ ನಾಚಿಕೆಗೆ ಓಡತ್ತೆ, ಎರಡನೇ ಸಲ ಅಭ್ಯಾಸಕ್ಕೆ. ಮೂರನೇ ಸಲಕ್ಕೇ ಅದರ ನಿಜ ಬಣ್ಣ."

ಮೂರನೆಯ ಸಲ ನನ್ನ ಜಿಪ್ಪು ನಡುವೆ ಒಂದಿಷ್ಟು ತಡೆಯಿತು. ಅವರು ನಗುತ್ತ ಚೀಲ ವಾಪಸು ಎಳೆದುಕೊಂಡು, ರನ್ನರನ್ನು ಇಕ್ಕಳದಲ್ಲಿ ಹಿತವಾಗಿ ಅದುಮಿ, ಹಲ್ಲಿಗೆ ಮೇಣ ಸವರಿ ಕೊಟ್ಟರು. ಮತ್ತೆ ಮೂರು ಸಲ ಎಳೆಸಿದ ನಂತರವೇ ದುಡ್ಡಿನ ಮಾತು.

ನಾನು ಫೋನಿನಲ್ಲಿ ದುಡ್ಡು ಕಳಿಸಿದೆ. ಮೇಜಿನ ಮೇಲಿದ್ದ ಬೂದು ಬಣ್ಣದ ಡಬ್ಬಿ ಇಷ್ಟು ರೂಪಾಯಿ ಬಂದಿದೆ ಎಂದು ಗಟ್ಟಿಯಾಗಿ ಹೇಳಿತು. ಜಿಪ್ಪಕ್ಕ ಡಬ್ಬಿಯ ಕಡೆ ತಿರುಗಲೂ ಇಲ್ಲ. ಎದುರಿನ ಮಳಿಗೆ ನೋಡುತ್ತಿದ್ದರು. ಅಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಗಡಿಯಾರ ರಿಪೇರಿಯ ಮುದುಕರೊಬ್ಬರು ತಲೆ ಎತ್ತದೆ ಹೆಬ್ಬೆರಳು ಮಾತ್ರ ಎತ್ತಿದರು. "ಬಂತು. ಹೋಗಿ ಬನ್ನಿ," ಎಂದರು ಜಿಪ್ಪಕ್ಕ ನನಗೆ.

ಆ ಹೆಬ್ಬೆರಳಿನ ಹಿಂದಿನ ಕಥೆ ನನಗೆ ಆಮೇಲೆ, ಎರಡು ಮೂರು ಭೇಟಿಗಳಲ್ಲಿ, ತುಂಡುತುಂಡಾಗಿ ತಿಳಿಯಿತು.

ಎರಡು ವರ್ಷದ ಹಿಂದೆ ಕಟ್ಟಡದ ಮಾಲೀಕರು ಒಂದು ಕಂಪನಿಯ ಜತೆ ಮಾತು ಮಾಡಿಕೊಂಡು ಎಲ್ಲ ಮಳಿಗೆಗೂ ಒಂದೇ ಬಗೆಯ ದುಡ್ಡಿನ ಮಷಿನ್ ತರಿಸಿದರು. ಅದರಿಂದ ಮಾಲೀಕರಿಗೂ ಏನೋ ಪಾಲು ಹೋಗುತ್ತಿತ್ತಂತೆ. ಹೊಸ ಬಾಡಿಗೆ ಕರಾರಿನಲ್ಲಿ ಆ ಬಗ್ಗೆ ಒಂದು ಸಾಲು ಸೇರಿತು. ಕಟ್ಟಡದ ಮ್ಯಾನೇಜರು ಎಲ್ಲರನ್ನೂ ಮೆಟ್ಟಿಲ ಹತ್ತಿರ ಸೇರಿಸಿ ಕರಾರು ಓದಿ ಹೇಳಿದರು, ಎಲ್ಲರೂ ಸರದಿಯಲ್ಲಿ ನಿಂತು ಸಹಿ ಹಾಕಿದರು. ಜಿಪ್ಪಕ್ಕ ಗುಂಪಿನ ಹಿಂದೆ ನಿಂತಿದ್ದರು. ಅವರ ಮುಂದೆ ಬೋರ್ಡು ಬರೆಯುವವನ ಅಗಲ ಬೆನ್ನು. ಮ್ಯಾನೇಜರ ಬಾಯಿ ಕಾಣಲಿಲ್ಲ.

"ಏನಂತೆ?" ಎಂದು ಪಕ್ಕದಲ್ಲಿದ್ದ ವಾಚಿನ ತಾತನನ್ನು ಕೇಳಿದರು.

"ಇದೇ ಮಷಿನ್ ಇಡಬೇಕಂತೆ. ಬೇರೆ ಇಟ್ಟರೆ ಅಂಗಡಿ ಖಾಲಿ ಮಾಡಿಸ್ತಾರಂತೆ."

ಮಷಿನ್ ಬಂತು. ಅದಕ್ಕೆ ಬಾಯಿ ಇತ್ತು, ಮುಖ ಇರಲಿಲ್ಲ. ದುಡ್ಡು ಬಂದರೆ ಕೂಗುತ್ತದೆ, ಬರದಿದ್ದರೂ ಕೂಗುತ್ತದೆ. ಪರದೆ ಇಲ್ಲ, ಚೀಟಿ ಇಲ್ಲ, ಒಂದು ದೀಪವೂ ಇಲ್ಲ. ಮೆಟ್ಟಿಲ ಕೆಳಗೆ ಜಿಪ್ಪಕ್ಕನ ಹಳೇ ಫೋನಿಗೆ ಸಿಗ್ನಲ್ ಸಿಗದ ಕಾರಣ ಅದಕ್ಕೆ ಬರುವ ಸಂದೇಶ ಸಂಜೆ ರಸ್ತೆಗೆ ಬಂದ ಮೇಲೆ ಒಟ್ಟಿಗೆ ಉದುರುತ್ತಿತ್ತು. ಕಂಪನಿಗೆ ಹೇಳಿ ನೋಡಿದರು. ನಮ್ಮಲ್ಲಿ ಇರುವುದು ಈ ಒಂದೇ ಮಾದರಿ ಎಂದರು. ನಡುವೆ ಎರಡು ಸಲ ಕಮಿಷನ್ ಏರಿಸಿದರು. ಬೇಕರಿಯವರು ಗೊಣಗಿದರು, ಬೋರ್ಡಿನವನು ಬೈದ, ಬೀಗದ ಕೈ ಮಾಡುವವನು ಹಾಡು ಕಟ್ಟಿ ಹಾಡಿದ. ಆದರೆ ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: "ಏನ್ಮಾಡೋದು, ಇದೇ ಇಡಬೇಕು ಅಂತ ಬರೆದುಕೊಟ್ಟಿದೀವಲ್ಲ."

ತಾತನ ಹೆಬ್ಬೆರಳು ಬಂದದ್ದು ಆಗ. ಡಬ್ಬಿ ಬಂತು ಎಂದರೆ ಹೆಬ್ಬೆರಳು, ಬರಲಿಲ್ಲ ಎಂದರೆ ಅಂಗೈ. ಎರಡು ವರ್ಷದಲ್ಲಿ ಒಂದು ದಿನವೂ ತಾತ ಬೇಸರ ಮಾಡಿಕೊಳ್ಳಲಿಲ್ಲ.

ಆದರೆ ತಾತ ಸದಾ ಕೂತೇ ಇರಲು ಆಗುತ್ತದೆಯೇ? ಒಂದು ಮಧ್ಯಾಹ್ನ ಅವರು ಆಸ್ಪತ್ರೆಗೆ ಹೋಗಿದ್ದಾಗ ವಯಸ್ಸಾದ ಟೀಚರೊಬ್ಬರು ನೀಲಿ ಸೂಟ್‌ಕೇಸು ತೆಗೆದುಕೊಂಡು ಹೋಗಲು ಬಂದರು. ದುಡ್ಡು ಕಳಿಸಿದೆ ಎಂದರು. ಜಿಪ್ಪಕ್ಕನಿಗೆ ಖಾತ್ರಿಯಾಗಲಿಲ್ಲ. ಅದರ ಹಿಂದಿನ ವಾರವಷ್ಟೇ ಯಾರೋ ಒಬ್ಬ ತನ್ನ ಫೋನಿನ ಹಳೆಯ ಸಂದೇಶ ತೋರಿಸಿ ಟೋಪಿ ಹಾಕಿ ಹೋಗಿದ್ದ. "ಬಂದಿಲ್ಲ ಮೇಡಂ," ಎಂದರು. ಆ ತಾಯಿ ಬಸ್ಸಿಗೆ ಹೊತ್ತಾಯಿತೆಂದು ಪರ್ಸು ತೆಗೆದು ಮತ್ತೆ ನಗದು ಕೊಟ್ಟು ಹೋದರು. ಸಂಜೆ ರಸ್ತೆಯಲ್ಲಿ ಫೋನು ನೋಡಿದರೆ ದುಡ್ಡು ಬಂದಿತ್ತು. ಮೋಸ ಹೋದದ್ದನ್ನು ಜಿಪ್ಪಕ್ಕ ಒಂದೇ ವಾರದಲ್ಲಿ ಮರೆತಿದ್ದರು. ತಾವೇ ಮೋಸ ಮಾಡಿದಂತಾದದ್ದು ನುಂಗಲಾರದ ತುತ್ತಾಯಿತು. ಆ ನಗದನ್ನು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ 'ನೀಲಿ ಸೂಟ್‌ಕೇಸು' ಎಂದು ಬರೆದು, ತಲೆಯ ಮೇಲಿನ ಮೊಳೆಗೆ ಸಿಕ್ಕಿಸಿದ್ದಾರೆ. ಎಲ್ಲ ಮರೆತರೂ ಇದನ್ನು ದೇವರು ಮರೆಯಬೇಕಲ್ಲ ಎಂದು ನನ್ನ ಹತ್ತಿರ ಹೇಳಿದರು. ನಾನು ಅವರ ಕೈ ಹಿಡಿದುಕೊಂಡೆ.

ಹೀಗಿರುವಾಗ ತಾತ ಒಂದು ಬೆಳಿಗ್ಗೆ ಮಳಿಗೆ ದಾಟಿ ಬಂದು ಜಿಪ್ಪಕ್ಕನ ಮುಂದೆ ನಿಂತರು. ತುಟಿ ಕಾಣುವಂತೆ ಬಗ್ಗಿ ಹೇಳಿದರು:

"ತಾಯಿ, ಕೈ ನಡುಗ್ತಾ ಇದೆ. ನಿನ್ನೆ ಒಂದು ಕೂದಲೆಳೆ ಸ್ಪ್ರಿಂಗು ಹಾರಿಹೋಯ್ತು, ಹುಡುಕೋಕೂ ಆಗ್ಲಿಲ್ಲ. ಮಗಳು ತನ್ನ ಮನೆಗೆ ಬಾ ಅಂತಿದಾಳೆ. ಈ ತಿಂಗಳ ಕೊನೆಗೆ ಅಂಗಡಿ ಬಿಡ್ತೀನಿ."

ಜಿಪ್ಪಕ್ಕ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು.

"ಎಲ್ಲಾ ಮಾರಿಬಿಡಬಹುದು," ಎಂದರು ತಾತ. "ಈ ಹೆಬ್ಬೆರಳು ಮಾತ್ರ ನಿನಗೆ ಬಿಟ್ಟು ಹೋಗೋ ಹಾಗಿಲ್ವಲ್ಲ, ಅದೇ ಸಂಕಟ."

ಉಳಿದದ್ದು ಹದಿನೆಂಟು ದಿನ. ಆಮೇಲೆ ಜಿಪ್ಪಕ್ಕ ಯಾರ ಮುಖ ನೋಡಬೇಕು? ಬೀಗದ ಕೈಯವನ ಕೊರೆಯುವ ಮಷಿನ್ ಸದ್ದಿನಲ್ಲಿ ಅವನಿಗೆ ತನ್ನ ಡಬ್ಬಿಯೇ ಕೇಳಿಸುವುದಿಲ್ಲ. ಪ್ರತಿಯೊಬ್ಬ ಗಿರಾಕಿಯನ್ನೂ ಅನುಮಾನಿಸುವುದು, ಇಲ್ಲವೇ ಎಲ್ಲರನ್ನೂ ನಂಬಿ ಕಳಿಸುವುದು. ಎರಡರಲ್ಲಿ ಯಾವುದನ್ನೂ ಹೊತ್ತುಕೊಂಡು ಆ ಸ್ಟೂಲಿನ ಮೇಲೆ ಕೂರಲು ಅವರಿಗೆ ಆಗುತ್ತಿರಲಿಲ್ಲ. ಅಂಗಡಿ ಮುಚ್ಚುವ ಯೋಚನೆ ಮೊದಲ ಸಲ ಬಂದದ್ದು ಅಂದು.

ಎರಡು ದಿನ ಬಿಟ್ಟು ಒಬ್ಬ ಹುಡುಗಿ ಬಂದಳು. ಹೆಗಲಲ್ಲಿ ದೊಡ್ಡ ಕಪ್ಪು ಚೀಲ, ಅದರ ಜಿಪ್ಪು ಬಾಯಿ ಬಿಟ್ಟುಕೊಂಡಿತ್ತು. "ಅಕ್ಕಾ, ಅರ್ಧ ಗಂಟೇಲಿ ಆಗತ್ತಾ?" ಜಿಪ್ಪಕ್ಕ ಚೀಲ ಖಾಲಿ ಮಾಡಲು ಹೇಳಿದರು. ಹುಡುಗಿ ಒಂದೊಂದೇ ಸಾಮಾನು ಮೇಜಿನ ಮೇಲಿಟ್ಟಳು. ಅವುಗಳಲ್ಲಿ ಅಂಗೈಯಗಲದ ಒಂದು ಮಷಿನ್. ಗುಂಡಿಗೆ ಅವಳ ಬೆರಳು ತಾಗಿ ಪರದೆ ಬೆಳಗಿತು, ಹಸಿರು ದೀಪ ಮಿಂಚಿತು, ಬದಿಯಿಂದ ಬೆರಳಗಲದ ಚೀಟಿ ಹೊರಗೆ ಬಂತು. ಜಿಪ್ಪಕ್ಕ ಆ ಚೀಟಿಯನ್ನೇ ನೋಡಿದರು.

"ಇದೇನಮ್ಮಾ?"

"ಪೇಮೆಂಟ್ ಮಷಿನ್, ಅಕ್ಕ. ನಮ್ಮ ಕಂಪನೀದು. ದುಡ್ಡು ಬಂದ್ರೆ ಹಸಿರು, ಬರ್ಲಿಲ್ಲ ಅಂದ್ರೆ ಕೆಂಪು. ಅಂಕಿ ಪರದೆ ಮೇಲೆ ಬರತ್ತೆ. ಕಮಿಷನ್ನೂ ನಿಮ್ಮ ಡಬ್ಬಿಗಿಂತ ಕಮ್ಮಿ."

"ನನಗೊಂದು ಕೊಡು!"

ಅದು ಮೇಲಿನ ಮಹಡಿಗೂ ಕೇಳಿಸಿರಬೇಕು. ಹುಡುಗಿ ಬೆಚ್ಚಿ ಸುತ್ತ ನೋಡಿದಳು. "ಮೆಲ್ಲಗೆ ಅಕ್ಕ! ಈ ಬಿಲ್ಡಿಂಗಲ್ಲಿ ಕೊಡೋ ಹಾಗಿಲ್ಲ ಅಂತ ನಿಮ್ಮ ಮ್ಯಾನೇಜರ್ ನನ್ನನ್ನ ಎರಡು ಸಲ ಗೇಟಿಂದ ವಾಪಸ್ ಕಳಿಸಿದಾರೆ. ಇವತ್ತು ಜಿಪ್ ಕಿತ್ತುಹೋಗಿದ್ದಕ್ಕೆ ಒಳಗೆ ಬಿಟ್ಟಿದ್ದು."

ಅಂದೇ ಜಿಪ್ಪಕ್ಕ ಮ್ಯಾನೇಜರ ಕೋಣೆಗೆ ಹೋದರು. ಮ್ಯಾನೇಜರು ಕೆಟ್ಟವರಲ್ಲ. ಮಳೆಗಾಲದಲ್ಲಿ ಮೆಟ್ಟಿಲ ಕೆಳಗೆ ನೀರು ಬಂದಾಗ ತಾವೇ ಬಕೆಟ್ಟು ಹಿಡಿದವರು. ಆದರೆ ಅವರ ಮಾತಿಗೊಂದು ಚಟ ಇತ್ತು. ಏನೇ ಹೇಳಲಿ, ಒಂದು 'ಏ' ಸೇರಿಸಿ ಗಟ್ಟಿ ಮಾಡುತ್ತಿದ್ದರು. ಈ ಗೇಟಲ್ಲೇ ಬರಬೇಕು, ಈ ಡಬ್ಬೀಲೇ ಕಸ ಹಾಕಬೇಕು, ಒಂಬತ್ತಕ್ಕೇ ಶಟರ್ ಎತ್ತಬೇಕು.

"ಆಗಲ್ಲಮ್ಮ," ಎಂದರು. "ನಮ್ಮ ಮಷಿನ್ನೇ ಇಡಬೇಕು. ಕರಾರಲ್ಲೇ ಇದೆ. ನಿಮಗೆ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ. ಇನ್ನೂ ಎರಡು ವರ್ಷ ಇದೇ."

ಜಿಪ್ಪಕ್ಕ ಮನೆಗೆ ಹೋಗಿ ಟ್ರಂಕಿನಿಂದ ಕರಾರು ತೆಗೆದರು. ಅಂಗಡಿ ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂದು ನೋಡಲಿಕ್ಕೆ. ಸಂಜೆ ದೀಪ ಹಾಕಿ ಅತ್ತೆ ಮಂಚದ ಮೇಲೆ ಕೂತಿದ್ದರು. "ಏನೇ ಅದು ಕಾಗದದ ಸದ್ದು? ಗಟ್ಟಿಯಾಗಿ ಓದು, ನನಗೂ ಹೊತ್ತು ಹೋಗಲಿ."

ಜಿಪ್ಪಕ್ಕ ಸಾಲಿನ ಕೆಳಗೆ ಬೆರಳಿಟ್ಟು, ಬಿಡಿಸಿ ಬಿಡಿಸಿ ಓದಿದರು. ಶಾಲೆಯಲ್ಲಿ ಪಾಠ ಕಿವಿಗೆ ಬೀಳದೆ, ಪುಸ್ತಕದಲ್ಲಿ ಇದ್ದದ್ದನ್ನು ಇದ್ದಹಾಗೆ ಓದಿ ಕಲಿತವರು ಅವರು. ನೀರಿನ ಸಾಲು, ದೀಪದ ಸಾಲು ಮುಗಿಯಿತು. "ಬಾಡಿಗೆದಾರರು ಕಟ್ಟಡದ ವತಿಯಿಂದ ಒದಗಿಸುವ ಪಾವತಿ ಯಂತ್ರವನ್ನು ಮಳಿಗೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ತಪ್ಪಿದಲ್ಲಿ ಮಳಿಗೆಯನ್ನು..."

ಅತ್ತೆಯ ಕೈ ಅವರ ಮಣಿಕಟ್ಟು ಹಿಡಿಯಿತು. ನಿಲ್ಲು ಎಂದಾಗ ಅವರು ಮಾಡುವುದು ಹಾಗೆಯೇ.

"ಏನಂದೆ? ಯಂತ್ರವನ್ನು ಅಂದೆಯೋ, ಯಂತ್ರವನ್ನೇ ಅಂದೆಯೋ?"

"ಯಂತ್ರವನ್ನು. ನು. ಕೊಂಬು ಇದೆ ಇಲ್ಲಿ."

"ಸರಿಯಾಗಿ ನೋಡು."

"ಅಯ್ಯೋ ಅತ್ತೆ, ಕಣ್ಣು ನಂದು ಸರಿ ಇದೆ!"

ಅತ್ತೆ ಸೊಸೆಯ ಮುಖ ತಮ್ಮ ಕಡೆ ತಿರುಗಿಸಿಕೊಂಡು ನಿಧಾನವಾಗಿ ಹೇಳಿದರು: "ನಿನ್ನನ್ನ ನೋಡೋಕೆ ಬಂದಾಗ ನಿಮ್ಮಪ್ಪನ ಹತ್ರ ನಾನು, ನಮ್ಮನೇಲಿ ಸೊಸೆ ಪಾತ್ರೆ ತೊಳೀಬೇಕು ಅಂದಿದ್ದೆ. ಸೊಸೆಯೇ ತೊಳೀಬೇಕು ಅಂದಿರಲಿಲ್ಲ. ನೀನು ಅದನ್ನ ಹಿಡ್ಕೊಂಡು ಇಷ್ಟು ವರ್ಷ ಅರ್ಧ ಪಾತ್ರೆ ನನ್ನ ಕೈಲಿ ತೊಳೆಸಿದೀಯ. ಈಗ ಅಂಗಡಿ ವಿಷಯಕ್ಕೆ ಬಂದರೆ ತಲೆ ಓಡಲ್ವೇನೆ? ಅವರ ಮಷಿನ್ ಇರಬೇಕು ಅಂತ ಇದೆ. ಅದೇ ಇರಬೇಕು ಅಂತ ಎಲ್ಲಿದೆ?"

ಜಿಪ್ಪಕ್ಕ ಆ ಸಾಲನ್ನು ಮತ್ತೆ ಓದಿದರು. ಇನ್ನೊಮ್ಮೆ ಓದಿದರು. ಮೂರನೆಯ ಸಲವೂ ಕೊಂಬು ಕೊಂಬಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅವರು ಕರಾರು ಹಿಡಿದು ಮ್ಯಾನೇಜರ ಎದುರು ಕೂತರು. ಸಾಕ್ಷಿಗೆ ತಾತ ಬಾಗಿಲಲ್ಲಿ ನಿಂತರು. ನಾನೂ ಅಲ್ಲಿದ್ದೆ. ಜಿಪ್ಪು ಸರಿಮಾಡಲು ಕೊಟ್ಟಿದ್ದ ನನ್ನ ಕೊಡೆಯ ಚೀಲ ತೆಗೆದುಕೊಂಡು ಹೋಗಲು ಬಂದವಳು ಅವರ ಹಿಂದೆಯೇ ಹೋಗಿದ್ದೆ.

"ಸಾರ್, ಈ ಸಾಲು ಒಂದ್ಸಲ ಓದಿ."

ಮ್ಯಾನೇಜರು ಕನ್ನಡಕ ಹಾಕಿಕೊಂಡು ಓದಿದರು. "...ಪಾವತಿ ಯಂತ್ರವನ್ನೇ ಮಳಿಗೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಇದೆಯಲ್ಲಮ್ಮ."

ಜಿಪ್ಪಕ್ಕ ಅವರ ಬಾಯಿಯನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ."

"ಯಂತ್ರವನ್ನೇ ಮಳಿಗೆಯಲ್ಲಿ..."

"ಸಾರ್, ನಿಮ್ಮ ಬಾಯಿ ಅಗಲ ಆಗ್ತಿದೆ," ಎಂದರು ಜಿಪ್ಪಕ್ಕ. "ಅಲ್ಲಿ ಬರೆದಿರೋದಕ್ಕೆ ತುಟಿ ದುಂಡಗಾಗಬೇಕು. ನು ಅನ್ನಿ. ನೋಡಿ, ಹೀಗೆ ಮುಂದಕ್ಕೆ ಬರತ್ತೆ. ನೇ ಅಂದ್ರೆ ಪಕ್ಕಕ್ಕೆ ಹೋಗತ್ತೆ. ನನಗೆ ಕೇಳ್ಸಲ್ಲ, ಆದ್ರೆ ಕಾಣ್ಸತ್ತೆ. ಕಾಗದ ಒಂದು ಹೇಳ್ತಿದೆ, ನಿಮ್ಮ ಬಾಯಿ ಒಂದು ಹೇಳ್ತಿದೆ. ಬೆರಳಿಟ್ಟು ಓದಿ. ಮೂರನೇ ಸಲ."

ಮ್ಯಾನೇಜರು ಬೆರಳಿಟ್ಟರು. "ಪಾವತಿ... ಯಂತ್ರ... ವ..." ಬೆರಳು ನಿಂತಿತು. ತುಟಿ ಅಗಲವಾಗಲು ಹೊರಟದ್ದು ಹಿಂದೆ ಬಂದು, ಮೆಲ್ಲಗೆ ದುಂಡಗಾಯಿತು. "...ನ್ನು."

ನಾನು ಮನಸ್ಸಿನಲ್ಲೇ ಕೈ ಮುಗಿದೆ.

"ಹಾಗಾದ್ರೆ ನಾನು ಅವತ್ತು ಎಲ್ಲರಿಗೂ..." ಎಂದರು ಮ್ಯಾನೇಜರು.

"ನೀವು ನೇ ಅಂದ್ರಿ, ನಾವೆಲ್ಲ ನೇ ಅಂತ ಕೇಳಿಸ್ಕೊಂಡ್ವಿ," ಎಂದರು ತಾತ ಬಾಗಿಲಿಂದ. "ಸಹಿ ಹಾಕಿದ್ದು ನು ಅನ್ನೋದಕ್ಕೆ. ಕಿವಿ ಇರೋ ನಲವತ್ತು ಜನ ಎರಡು ವರ್ಷ ಅದಕ್ಕೆ ಕಟ್ಟುಬಿದ್ದು ಕೂತಿದ್ವಲ್ಲ ಸಾರ್!"

ಮ್ಯಾನೇಜರು ಬೆವರು ಒರೆಸಿಕೊಂಡು ಮಾಲೀಕರಿಗೆ ಫೋನು ಮಾಡಿದರು. ಮಾಲೀಕರು ಓದಿ ಎಂದಿರಬೇಕು, ಇವರು ಓದಿದರು. ಈ ಸಲ ನು ಎಂದೇ. ಆ ಕಡೆಯಿಂದ ಜೋರು ಮಾತು ಬಂತು, ಆಮೇಲೆ ತಣ್ಣಗಾಯಿತು. ಇವರು ಮೂರು ಸಲ "ಹೌದು ಸಾರ್", ಒಂದು ಸಲ "ನಂದೇ ತಪ್ಪು ಸಾರ್" ಎಂದು ಫೋನಿಟ್ಟರು.

"ನಮ್ಮ ಡಬ್ಬಿ ಮೇಜಿನ ಮೇಲೆ ಇರಬೇಕಂತೆ. ಅದರ ಪಕ್ಕದಲ್ಲಿ ನೀವು ಏನಾದರೂ ಇಟ್ಕೊಳ್ಳಿ, ಕರಾರಲ್ಲಿ ತಡೆ ಇಲ್ಲ ಅಂದ್ರು." ಕರಾರು ಹಿಂದಕ್ಕೆ ಕೊಡುತ್ತ ಸೇರಿಸಿದರು: "ಆ ಹುಡುಗಿಗೆ ಹೇಳಿ, ಗೇಟಲ್ಲಿ... ಯಾವ ಗೇಟಲ್ಲಾದರೂ ಬರಲಿ."

ಜಿಪ್ಪಕ್ಕ ಅದನ್ನು ಮಡಚಿಕೊಂಡರು. ಹೊರಗೆ ಬಂದು ತಮ್ಮ ಸ್ಟೂಲಿನ ಮೇಲೆ ಕೂತು, ಉಸಿರು ಬಿಟ್ಟರು. ಎಷ್ಟು ದಿನದಿಂದ ಹಿಡಿದಿಟ್ಟಿದ್ದರೋ, ಮೇಜಿನ ಮೇಲಿದ್ದ ದಾರದ ತುಣುಕುಗಳು ಹಾರಿಹೋದವು.

ಹುಡುಗಿ ಹೊಸ ಮಷಿನ್ ತಂದಾಗಲೂ ಜಿಪ್ಪಕ್ಕ ತಮ್ಮ ಪದ್ಧತಿ ಬಿಡಲಿಲ್ಲ. ಮೂರು ಸಲ ದುಡ್ಡು ಹಾಕಿಸಿ, ಮೂರು ಸಲ ಚೀಟಿ ಬರಿಸಿದರು. ಅದರ ಕರಾರನ್ನೂ ಬೆರಳಿಟ್ಟು ಓದಿ, ಬೇಡವೆನಿಸಿದರೆ ಯಾವಾಗ ಬೇಕಾದರೂ ವಾಪಸು ಕೊಡಬಹುದು ಎಂಬ ಸಾಲು ಸಿಕ್ಕಿದ ಮೇಲೆ ಸಹಿ ಹಾಕಿದರು. ಸುದ್ದಿ ಕಟ್ಟಡದ ತುಂಬ ಹರಡಿತು. ಬೇಕರಿಯವರು ಇನ್ನೊಂದು ಕಂಪನಿಯದು ತಂದರು. ಬೋರ್ಡಿನವನು ಮೂರನೆಯದನ್ನು. ತಿಂಗಳೊಳಗೆ ಹಳೇ ಕಂಪನಿಯವರೇ ಓಡಿ ಬಂದು, ಕಮಿಷನ್ ಇಳಿಸಿದ್ದೇವೆ, ಪರದೆ ಇರುವ ಮಾದರಿಯೂ ಇದೆ ಎಂದರು. "ಇತ್ತಂತೆ! ಎರಡು ವರ್ಷ ಎಲ್ಲಿ ಮಲಗಿತ್ತು?" ಎಂದರು ಜಿಪ್ಪಕ್ಕ. ಆ ದನಿ ಬಸ್ ನಿಲ್ದಾಣಕ್ಕೂ ಮುಟ್ಟಿರಬಹುದು.

ಬೀಗದ ಕೈಯವನು ಮಾತ್ರ ಹೊಸದು ತರಲಿಲ್ಲ. "ನನಗೆ ಈ ಡಬ್ಬಿ ಇರಲಿ. ಮನೇಲಿ ನನ್ನ ಹತ್ರ ಇಷ್ಟು ಮರ್ಯಾದೆಯಿಂದ ಮಾತಾಡೋರು ಯಾರಿದ್ದಾರೆ?" ಎಂದ. ಮ್ಯಾನೇಜರಿಗೆ ಎಲ್ಲರೂ 'ಕೊಂಬಿನ ಸಾರ್' ಎಂದು ಹೆಸರಿಟ್ಟರು. ಅವರು ಈಗ ನೋಟೀಸು ಓದುವಾಗ ಬೆರಳಿಟ್ಟೇ ಓದುತ್ತಾರೆ.

ನೀಲಿ ಸೂಟ್‌ಕೇಸಿನ ಟೀಚರು ಇನ್ನೂ ಬಂದಿಲ್ಲ. ಲಕೋಟೆ ಮೊಳೆಯಲ್ಲೇ ಇದೆ. ಹೊಸ ಲಕೋಟೆ ಸೇರಿಲ್ಲ ಎಂಬುದೇ ಜಿಪ್ಪಕ್ಕನ ಸಮಾಧಾನ.

ಆ ತಿಂಗಳ ಕೊನೆಯ ದಿನ, ಅಂಗಡಿ ಬಿಡುವಾಗ, ವಾಚಿನ ತಾತ ಉಪಕರಣಗಳನ್ನೆಲ್ಲ ಒಂದು ಹಳೇ ಚರ್ಮದ ಚೀಲಕ್ಕೆ ತುಂಬಲು ಹೋದರೆ ಅದರ ಜಿಪ್ಪು ಮುಚ್ಚಲಿಲ್ಲ. ಜಿಪ್ಪಕ್ಕ ಹೊಸ ರನ್ನರ್ ಹಾಕಿದರು. ನಡುಗುವ ಕೈಯಲ್ಲಿ ತಾತ ಮೂರು ಸಲ ಎಳೆದರು. ಮೂರು ಸಲವೂ ಅದು ನೀರಿನಂತೆ ಓಡಿತು.

"ದುಡ್ಡು ಬೇಡ ತಾತ."

"ಬೇಡ ಅಂದ್ರೆ ಹೇಗೆ? ನಿನ್ನ ಮಷಿನ್ ನಾನು ನೋಡೋದು ಬೇಡ್ವಾ?"

ತಾತ ಫೋನು ಒತ್ತಿ ಕಳಿಸಿದರು. ಹಳೇ ಡಬ್ಬಿ ಸುಮ್ಮನೆ ಪಕ್ಕದಲ್ಲಿ ಕೂತಿತ್ತು. ಹೊಸದರಲ್ಲಿ ಹಸಿರು ಮಿಂಚಿತು. ತಾತನ ಕೈ ಅಭ್ಯಾಸಬಲದಿಂದ ಮೇಲೇಳತೊಡಗಿತು. ಅದು ಪೂರ್ತಿ ಏಳುವಷ್ಟರಲ್ಲಿ ಜಿಪ್ಪಕ್ಕನ ಹೆಬ್ಬೆರಳು ಆಗಲೇ ಎದ್ದಿತ್ತು.